ಆರ್ಮಿ ಆರ್‌ಒಟಿಸಿ ಸ್ಕಾಲರ್‌ಶಿಪ್: ಮಗನ ಫಿಟ್‌ನೆಸ್ ಟೆಸ್ಟ್‌ಗೆ ಒಂಬತ್ತು ವಾರ ಇದೆ, ಎಲ್ಲಿಂದ ಶುರು ಮಾಡೋದು?

ಇಬ್ಬರು ಮಕ್ಕಳ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿದ್ದೇವೆ. ದೊಡ್ಡ ಮಗ ಈ ಆಗಸ್ಟ್‌ಗೆ ಹನ್ನೆರಡನೇ ಕ್ಲಾಸ್. ಹುಟ್ಟಿದ್ದು ಇಲ್ಲೇ, ಆದ್ದರಿಂದ ಪೌರತ್ವದ ಚಿಂತೆ ಇಲ್ಲ. ಒಂದು ವರ್ಷದಿಂದ ಆರ್ಮಿ ಆಫೀಸರ್ ಆಗಬೇಕು ಅಂತ ಹಟ ಹಿಡಿದಿದ್ದಾನೆ. ಮೊದಮೊದಲು ನಾವು ಸುಮ್ನೆ ಕೇಳಿಸಿಕೊಂಡೆವು. ಈಗ ಅವನೇ ಕೂತು ಆರ್‌ಒಟಿಸಿಯ (ಕಾಲೇಜು ಓದುತ್ತಲೇ ಸೇನೆಯ ಆಫೀಸರ್ ಆಗಲು ಕೊಡುವ ತರಬೇತಿ) ನಾಲ್ಕು ವರ್ಷದ ಸ್ಕಾಲರ್‌ಶಿಪ್‌ಗೆ ಅರ್ಜಿ ತುಂಬಿಸಿದ್ದಾನೆ. ಪ್ರಬಂಧ ಬರೆದಾಗಿದೆ, ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಅಂಕ ಚೆನ್ನಾಗಿದೆ.

ಉಳಿದಿರುವುದು ಫಿಟ್‌ನೆಸ್ ಟೆಸ್ಟ್. ಇವನು ಡಿಬೇಟ್ ತಂಡದ ಹುಡುಗ. ಯಾವ ಆಟದ ತಂಡದಲ್ಲೂ ಇರಲಿಲ್ಲ. ನಿನ್ನೆ ಮನೆ ಹಿಂದೆ ಮಾಡಿಸಿ ನೋಡಿದೆವು. ಒಂದು ನಿಮಿಷಕ್ಕೆ 11 ಪುಷ್‌ಅಪ್, 24 ಸಿಟ್‌ಅಪ್. ಶಾಲೆಯ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಓಡಲು 9 ನಿಮಿಷ 20 ಸೆಕೆಂಡ್. ಟೆಸ್ಟ್ ಸೆಪ್ಟೆಂಬರ್ ನಡುವೆ ಇಟ್ಟುಕೊಂಡರೆ ಒಂಬತ್ತು ವಾರ ಸಿಗುತ್ತದೆ. ಸಾಕಾಗುತ್ತದಾ? ಮಕ್ಕಳನ್ನು ಈ ದಾರಿಯಲ್ಲಿ ಕಳಿಸಿದವರು, ತಾವೇ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇ ಕೆಡೆಟ್:
ಅಕ್ಕ, ನಾನು ಇದೇ ದಾರಿಯಲ್ಲಿ ಬಂದವನು. ನಾಲ್ಕು ವರ್ಷ ಕೆಡೆಟ್ ಆಗಿದ್ದೆ, ಆಮೇಲೆ ಆರ್ಮಿಯಲ್ಲಿ ಸೇವೆ ಮುಗಿಸಿ ಹೊರಗೆ ಬಂದೆ. ನಿಮ್ಮ ಮಗ ತಾನೇ ಕೂತು ಅರ್ಜಿ ತುಂಬಿಸಿದ್ದಾನೆ ಅಂದಿರಲ್ಲ, ಓದಿ ಖುಷಿಯಾಯಿತು.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಅಪ್ಪ ಅಮ್ಮಂದಿರು ಆನ್‌ಲೈನ್‌ನಲ್ಲಿ ಹುಡುಕಿದಾಗ ಬೇರೆ ಬೇರೆ ಟೆಸ್ಟ್‌ಗಳು ಒಟ್ಟಿಗೆ ಸಿಗುತ್ತವೆ. ತಪ್ಪು ಟೆಸ್ಟ್‌ಗೆ ತಯಾರಿ ಮಾಡಿದವರನ್ನು ನಾನೇ ನೋಡಿದ್ದೇನೆ. ಆರ್ಮಿ ಆರ್‌ಒಟಿಸಿ ಸ್ಕಾಲರ್‌ಶಿಪ್ ಅರ್ಜಿಗೆ ಬೇಕಾಗಿರುವುದು ಮೂರೇ: ಒಂದು ನಿಮಿಷ ಪುಷ್‌ಅಪ್, ಒಂದು ನಿಮಿಷ ಸಿಟ್‌ಅಪ್ (ಅರ್ಜಿಯಲ್ಲಿ ಕರ್ಲ್‌ಅಪ್ ಅಂತ ಇರುತ್ತದೆ), ಒಂದು ಮೈಲಿ ಓಟ. ವೆಸ್ಟ್ ಪಾಯಿಂಟ್‌ನಂತಹ ಸೇನಾ ಅಕಾಡೆಮಿಗಳದ್ದು ಬೇರೆಯೇ. ಅದರಲ್ಲಿ ಆರು ಭಾಗ ಇದೆ. ಮಂಡಿಯೂರಿ ಬ್ಯಾಸ್ಕೆಟ್‌ಬಾಲ್ ಎಸೆಯುವುದು, ಪುಲ್‌ಅಪ್, 40 ಗಜದ ಶಟಲ್ ಓಟ (ಅತ್ತಿಂದಿತ್ತ ತಿರುಗಿ ಓಡುವುದು) ಎಲ್ಲ ಸೇರುತ್ತವೆ. ಮಗ ಅಲ್ಲಿಗೂ ಅರ್ಜಿ ಹಾಕುತ್ತಿದ್ದರೆ ಮಾತ್ರ ಅದನ್ನು ನೋಡಿ. ಏರ್‌ಫೋರ್ಸ್, ನೇವಿ, ಮರೀನ್ ಇವುಗಳ ಆರ್‌ಒಟಿಸಿಗೆ ಅವರವರದೇ ಟೆಸ್ಟ್, ಅವರವರದೇ ಅಳತೆ.

ಎರಡನೇ ಮಾತು. ಈ ಟೆಸ್ಟ್ ಬರೀ ಪಾಸು ಫೇಲು ಅಲ್ಲ. ಓದು, ನಾಯಕತ್ವ, ಸಂದರ್ಶನ, ಫಿಟ್‌ನೆಸ್ ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸಿ ಆಯ್ಕೆ ಮಾಡುತ್ತಾರೆ. ಆದ್ದರಿಂದ 'ಇಷ್ಟಾದರೆ ಸಾಕು' ಅನ್ನುವ ಒಂದು ಸಂಖ್ಯೆಯ ಹಿಂದೆ ಹೋಗಬೇಡಿ. ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಎಷ್ಟು ಏರಿಸಬಹುದೋ ಅಷ್ಟು ಏರಿಸಲಿ.

ಒಂಬತ್ತು ವಾರ ಒಳ್ಳೆಯ ಸಮಯವೇ. ಆದರೆ ಆ 11 ಪುಷ್‌ಅಪ್‌ನ ಒಂದು ವಿಡಿಯೋ ತೆಗೆದು ಅವನ ಜೊತೆ ಕೂತು ನೋಡಿ. ಪಕ್ಕದಿಂದ ತೆಗೆಯಿರಿ, ನೆಲದ ಮಟ್ಟದಲ್ಲಿ ಫೋನ್ ಇಟ್ಟು.

ನಾಲ್ಕನೇ ಲ್ಯಾಪ್:
ಓಟದ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿನ ಹೈಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ಓಟ ಕಲಿಸಲು ಹೋಗುತ್ತೇನೆ, ಹತ್ತು ವರ್ಷದ ಮೇಲಾಯಿತು.

ಮೇಡಂ, ನಾಲ್ಕು ಸುತ್ತು ಅಂದಿರಿ. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಅಂದರೆ 1600 ಮೀಟರ್. ಒಂದು ಮೈಲಿ ಅಂದರೆ 1609. ಸುಮಾರು ಒಂಬತ್ತು ಮೀಟರ್ ಹಿಂದಿನಿಂದ ಹೊರಡಬೇಕು. ಎರಡು ಮೂರು ಸೆಕೆಂಡ್ ವ್ಯತ್ಯಾಸ ಅಷ್ಟೇ, ಆದರೆ ಮನೆಯಲ್ಲೂ ನಿಜವಾದ ದೂರವನ್ನೇ ಓಡಿ ಅಭ್ಯಾಸವಾಗಲಿ. ಒಳಗಿನ ಒಂದನೇ ಲೇನ್‌ನಲ್ಲೇ ಓಡಲಿ. ಹೊರಗಿನ ಲೇನ್‌ನಲ್ಲಿ ಓಡಿದರೆ ದೂರ ಜಾಸ್ತಿಯಾಗುತ್ತದೆ, ಪಾಪ ಸಮಯ ನೋಡಿ ಮಕ್ಕಳು ಕುಗ್ಗಿಹೋಗುತ್ತವೆ.

ಪ್ರತಿ ಸುತ್ತಿನ ಸಮಯ ಬರೆದಿಟ್ಟಿದ್ದೀರಾ? ಇಲ್ಲದಿದ್ದರೆ ನಾನೇ ಊಹಿಸುತ್ತೇನೆ. ಮೊದಲ ಸುತ್ತು 1:50, ಎರಡನೆಯದು 2:20, ಮೂರು ನಾಲ್ಕಕ್ಕೆ ಬರುವಷ್ಟರಲ್ಲಿ ಕಾಲು ಎಳೆಯುತ್ತಾ ಬಂದಿರುತ್ತಾನೆ. ಓಟ ಗೊತ್ತಿಲ್ಲದ ಹುಡುಗರೆಲ್ಲ ಹೀಗೇ. ಬರೀ ಸಮನಾಗಿ ಓಡುವುದು ಕಲಿತರೇ ಅರ್ಧ ನಿಮಿಷ ಇಳಿಯುತ್ತದೆ. ಎಂಟು ನಿಮಿಷದ ಮೈಲಿಗೆ ಸುತ್ತಿಗೆ ಎರಡು ನಿಮಿಷ. ಏಳು ನಿಮಿಷಕ್ಕೆ 1:45. ಈ ಎರಡು ಲೆಕ್ಕ ಅವನ ತಲೆಯಲ್ಲಿ ಕೂತಿರಲಿ.

ವಾರಕ್ಕೆ ನಾಲ್ಕು ದಿನ ಓಡಲಿ, ಅದಕ್ಕಿಂತ ಜಾಸ್ತಿ ಈಗ ಬೇಡ. ಎರಡು ದಿನ ನಿಧಾನ ಓಟ, 25 ರಿಂದ 30 ನಿಮಿಷ. ಓಡುತ್ತಾ ಮಾತಾಡಲು ಆಗಬೇಕು, ಅಷ್ಟು ನಿಧಾನ. ಇದನ್ನು ಹುಡುಗರು ನಂಬುವುದಿಲ್ಲ. ಏದುಸಿರು ಬರದಿದ್ದರೆ ಪ್ರಯೋಜನ ಇಲ್ಲ ಅಂದುಕೊಳ್ಳುತ್ತಾರೆ. ಆದರೆ ಉಸಿರು ಬೆಳೆಯುವುದು ಈ ನಿಧಾನ ಓಟದಲ್ಲೇ. ಒಂದು ದಿನ 400 ಮೀಟರ್ ಓಟ ನಾಲ್ಕು ಸಲ, ಟೆಸ್ಟ್‌ನಲ್ಲಿ ಬೇಕಾದ ವೇಗದಲ್ಲಿ, ನಡುವೆ ಎರಡು ನಿಮಿಷ ನಡಿಗೆ. ಮೂರನೇ ವಾರಕ್ಕೆ ಐದು, ಐದನೇ ವಾರಕ್ಕೆ ಆರು. ಇನ್ನೊಂದು ದಿನ 200 ಮೀಟರ್‌ನ ಚುರುಕು ಓಟ, ಎಂಟು ಸಲ. ಇಡೀ ಮೈಲಿ ಸಮಯ ಇಟ್ಟು ಓಡುವುದು ಮೂರು ವಾರಕ್ಕೊಮ್ಮೆ ಸಾಕು.

ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನಲ್ಲಿ ನೋವು ಶುರುವಾದರೆ ಅದೇ ದಿನ ನಿಲ್ಲಿಸಿ. ಹಲ್ಲು ಕಚ್ಚಿ ಓಡಿದರೆ ವಾರಗಟ್ಟಲೆ ಕೂರಬೇಕಾಗುತ್ತದೆ. ಮತ್ತೆ ಜುಲೈನಲ್ಲಿ ಟೆಕ್ಸಾಸ್ ಬಿಸಿಲು, ಹೇಳಬೇಕಾಗಿಲ್ಲ. ಬೆಳಗ್ಗೆ ಆರೂವರೆ ಒಳಗೆ ಮುಗಿಸಿ.

ಇಬ್ಬರು ಮಕ್ಕಳ ಅಮ್ಮ:
ಸರ್, ನೀವು ಟ್ರ್ಯಾಕ್ ಪಕ್ಕದಲ್ಲೇ ನಿಂತಿದ್ದ ಹಾಗೆ ಹೇಳಿದ್ದೀರಿ. ಮೊದಲ ಸುತ್ತು 1:52. ಕೊನೆಯದು 2:40.

ಪುಷ್‌ಅಪ್ ವಿಡಿಯೋ ಕೂಡ ತೆಗೆದೆವು. 11ರಲ್ಲಿ ಸರಿಯಾಗಿ ಇದ್ದಿದ್ದು ನಾಲ್ಕು. ಉಳಿದದ್ದರಲ್ಲಿ ಎದೆ ಕೆಳಗೆ ಹೋಗಿಲ್ಲ, ಇಲ್ಲವೇ ಸೊಂಟ ಮೊದಲೇ ಜೋತುಬಿದ್ದಿದೆ. ಮಗ ವಿಡಿಯೋ ನೋಡಿ ಮಾತಾಡದೆ ಎದ್ದು ರೂಮಿಗೆ ಹೋದ. ರಾತ್ರಿ ಊಟಕ್ಕೆ ಬಂದಾಗ "ಅಮ್ಮ, ನಾಲ್ಕು ಅಂತಲೇ ಬರೆದುಕೋ" ಅಂದ. ನನಗೆ ಕಣ್ಣು ತುಂಬಿ ಬಂತು.

ಹಳೇ ಕೆಡೆಟ್:
ನಾಲ್ಕು ಅಂತ ಬರೆಸಿದನಲ್ಲ ಅಕ್ಕ, ಅರ್ಧ ಕೆಲಸ ಅಲ್ಲೇ ಆಯಿತು. ನಾಲ್ಕರಿಂದ ಶುರು ಮಾಡಿದವರು ಮೇಲೆ ಬರುತ್ತಾರೆ. ನಾಲ್ಕನ್ನು 11 ಅಂತ ಎಣಿಸಿಕೊಂಡವರು ಅಲ್ಲೇ ಇರುತ್ತಾರೆ.

ಹೇಗಿರಬೇಕು ಅಂದರೆ: ತಲೆಯಿಂದ ಹಿಮ್ಮಡಿವರೆಗೆ ಮೈ ಹಲಗೆಯ ಹಾಗೆ ನೇರ. ಕೆಳಗೆ ಹೋದಾಗ ಮೇಲ್ತೋಳು ನೆಲಕ್ಕೆ ಸಮಾನಾಂತರ ಬರಬೇಕು. ಮೇಲೆ ಬಂದಾಗ ಮೊಣಕೈ ಪೂರ್ತಿ ನೇರ. ಮೊಣಕೈ ಎರಡು ಪಕ್ಕಕ್ಕೆ ರೆಕ್ಕೆಯ ಹಾಗೆ ಅಗಲಿಸಬೇಡಿ, ಭುಜ ನೋಯುತ್ತದೆ.

ಹೇಗೆ ಏರಿಸುವುದು? ದಿನಕ್ಕೆ ಒಂದೇ ಸಲ ಸುಸ್ತಾಗುವವರೆಗೆ ಮಾಡುವುದು ಬೇಡ. ಎರಡೇ ಎರಡು ಪುಷ್‌ಅಪ್, ದಿನಕ್ಕೆ ಎಂಟು ಹತ್ತು ಸಲ. ಹಲ್ಲುಜ್ಜುವ ಮುಂಚೆ ಎರಡು, ಓದಿಗೆ ಕೂರುವ ಮುಂಚೆ ಎರಡು. ಯಾವತ್ತೂ ಸೋತು ಕೆಳಗೆ ಬೀಳುವಷ್ಟು ಬೇಡ. ದಿನಕ್ಕೆ ಹದಿನಾರು ಇಪ್ಪತ್ತು ಸರಿಯಾದ ಪುಷ್‌ಅಪ್ ಆಯಿತು ನೋಡಿ. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ. ಹತ್ತು ದಿನ ಆದ ಮೇಲೆ ಎರಡು ಇದ್ದಿದ್ದು ಮೂರು ಮಾಡಿ, ಆಮೇಲೆ ನಾಲ್ಕು. ಇದರ ಜೊತೆ ವಾರಕ್ಕೆ ಎರಡು ಸಲ ಕೈಗಳನ್ನು ಬೆಂಚಿನ ಮೇಲಿಟ್ಟು ಹತ್ತು ಹನ್ನೆರಡರಂತೆ ಮೂರು ಸುತ್ತು. ಸೊಂಟ ಜೋತುಬೀಳುತ್ತದೆ ಅಂದಿರಲ್ಲ, ಅದು ಹೊಟ್ಟೆಯ ಬಲ ಸಾಲದೆ ಆಗುವುದು. ದಿನಾ ಪ್ಲ್ಯಾಂಕ್ ಮಾಡಿಸಿ, ಅಂದರೆ ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿದು ನಿಲ್ಲಿಸುವುದು. 30 ಸೆಕೆಂಡ್‌ನಿಂದ ಶುರು.

ಸಿಟ್‌ಅಪ್‌ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ಅದು ಬೇಗ ಏರುತ್ತದೆ. ಕೈ ಎಲ್ಲಿರಬೇಕು, ಎಲ್ಲಿವರೆಗೆ ಏಳಬೇಕು ಅನ್ನುವುದನ್ನು ಅರ್ಜಿಯ ಸೂಚನೆ ಓದಿ ಅದರಂತೆಯೇ ಅಭ್ಯಾಸ ಮಾಡಿಸಿ.

ಮಗಳ ಅಪ್ಪ:
ನಮ್ಮ ಮಗಳು ನೇವಿ ಆರ್‌ಒಟಿಸಿಯಲ್ಲಿ ಮರೀನ್ ಆಯ್ಕೆ ಮಾಡಿಕೊಂಡವಳು. ಅಲ್ಲಿ ಮೂರು ಮೈಲಿ ಓಟ, ಪ್ಲ್ಯಾಂಕ್, ಪುಲ್‌ಅಪ್. ಪ್ಲ್ಯಾಂಕ್‌ಗೆ ಪೂರ್ತಿ ಅಂಕ ಬೇಕಾದರೆ 3 ನಿಮಿಷ 45 ಸೆಕೆಂಡ್ ಹಿಡಿಯಬೇಕು. ಪುಲ್‌ಅಪ್‌ನಲ್ಲಿ ಪ್ರತಿ ಸಲ ಕೈ ಪೂರ್ತಿ ನೇರವಾಗಿ ಜೋತಾಡಿ, ಗದ್ದ ಕಂಬಿಯ ಮೇಲೆ ಬರಬೇಕು. ಕಾಲು ಒದ್ದು ಮೇಲೆ ಹೋದರೆ ಲೆಕ್ಕಕ್ಕಿಲ್ಲ. ಪುಲ್‌ಅಪ್ ಬದಲು ಪುಷ್‌ಅಪ್ ಮಾಡಬಹುದು, ಆದರೆ ಪುಷ್‌ಅಪ್‌ನಲ್ಲಿ ಎಷ್ಟೇ ಮಾಡಿದರೂ ಪೂರ್ತಿ ನೂರು ಅಂಕ ಸಿಗುವುದಿಲ್ಲ.

ಶುರುವಿನಲ್ಲಿ ಒಂದೂ ಆಗುತ್ತಿರಲಿಲ್ಲ ಅವಳಿಗೆ. ಸ್ಟೂಲ್ ಹತ್ತಿ ಗದ್ದ ಮೇಲಿಟ್ಟು ನಿಧಾನವಾಗಿ ಕೆಳಗೆ ಇಳಿಯುವುದು, ಐದು ಸೆಕೆಂಡ್ ಎಣಿಸುತ್ತಾ. ದಿನ ಬಿಟ್ಟು ದಿನ. ಏಳನೇ ವಾರ ಮೊದಲ ಪುಲ್‌ಅಪ್. ಆವತ್ತು ಗ್ಯಾರೇಜಿನಲ್ಲಿ ನಾವಿಬ್ಬರೂ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿತ್ತು.

ಸಾಗರದಾಚೆ:
ನಮ್ಮ ಮನೆಯ ಕಥೆ ಹೇಳಲೇಬೇಕು ಅನಿಸಿತು. ಈ ಟೆಸ್ಟನ್ನು ಶಾಲೆಯ ಪಿಇ ಟೀಚರೋ ಕೋಚೋ ಮಾಡಿಸಿ ಸಹಿ ಹಾಕಬಹುದು. ನನ್ನ ಮಗನಿಗೆ ಮಾಡಿಸಿದವರು ಒಳ್ಳೆಯ ಮನಸ್ಸಿನಿಂದಲೇ ಎಣಿಸಿದರು. ಅರ್ಧ ಇಳಿದ ಪುಷ್‌ಅಪ್‌ಗಳನ್ನೂ ಎಣಿಸಿದರು. 52 ಅಂತ ಬರೆದರು. ನಾವೂ ಖುಷಿಪಟ್ಟೆವು, ಯಾರೂ ಪ್ರಶ್ನೆ ಕೇಳಲಿಲ್ಲ. ಸ್ಕಾಲರ್‌ಶಿಪ್ ಬಂತು.

ಕಾಲೇಜಿಗೆ ಹೋದ ಮೊದಲ ತಿಂಗಳು ಅಲ್ಲಿ ನಿಜವಾದ ಟೆಸ್ಟ್. ಪಕ್ಕದಲ್ಲಿ ಕೂತ ಸೀನಿಯರ್ ಕೆಡೆಟ್ ಒಂದೊಂದನ್ನೂ ನೋಡಿ ಎಣಿಸುತ್ತಾರೆ. ತಪ್ಪಿದ್ದರೆ ಹಿಂದಿನ ಸಂಖ್ಯೆಯನ್ನೇ ಮತ್ತೆ ಹೇಳುತ್ತಾರೆ. ಮಗ ಫೇಲ್ ಆದ. ಸ್ಕಾಲರ್‌ಶಿಪ್ ಕಾಗದ ಕೈಯಲ್ಲಿದ್ದರೂ ಟೆಸ್ಟ್ ಪಾಸಾಗಿ ಒಪ್ಪಂದಕ್ಕೆ ಸಹಿ ಹಾಕುವವರೆಗೆ ದುಡ್ಡು ಶುರುವಾಗುವುದಿಲ್ಲ. ಮೊದಲ ಸೆಮಿಸ್ಟರ್ ಫೀಸ್ ನಾವೇ ಹೊಂದಿಸಿದೆವು. ದುಡ್ಡು ಹೇಗೋ ಆಯಿತು. ಎಲ್ಲರ ಮುಂದೆ 'ಹದಿಮೂರು, ಹದಿಮೂರು, ಹದಿಮೂರು' ಅಂತ ಕೇಳಿಸಿಕೊಂಡು ಬಂದ ಮಗನ ದನಿ ಆ ರಾತ್ರಿ ಫೋನಿನಲ್ಲಿ ಹೇಗಿತ್ತು ಅಂತ ಇವತ್ತಿಗೂ ಮರೆತಿಲ್ಲ.

ಜನವರಿಯಲ್ಲಿ ಪಾಸಾದ. ಈಗ ಚೆನ್ನಾಗಿದ್ದಾನೆ. ನೀವು ಆ ನಾಲ್ಕನ್ನು ನಾಲ್ಕು ಅಂತಲೇ ಬರೆದಿದ್ದೀರಿ. ಆವತ್ತು ನಾವು ಹಾಗೆ ಮಾಡಲಿಲ್ಲ.

ನೇರ ಮಾತು:
ಎಲ್ಲರೂ ಹುರಿದುಂಬಿಸುತ್ತಿದ್ದೀರಿ, ಒಳ್ಳೆಯದು. ಆದರೂ ಒಂದು ಮಾತು. ಆಟವೇ ಆಡದ ಹುಡುಗನನ್ನು ಒಂಬತ್ತು ವಾರದಲ್ಲಿ ತಯಾರು ಮಾಡಿ ಈ ದಾರಿಗೆ ದೂಡುವುದು ಸರಿಯಾ? ಸ್ಕಾಲರ್‌ಶಿಪ್ ದೊಡ್ಡದು ನಿಜ. ಟ್ಯೂಷನ್ ಪೂರ್ತಿ ಇಲ್ಲವೇ ಹಾಸ್ಟೆಲ್ ಊಟದ ಖರ್ಚು, ಪುಸ್ತಕಕ್ಕೆ ವರ್ಷಕ್ಕೆ 1200 ಡಾಲರ್, ಕಾಲೇಜು ನಡೆಯುವ ತಿಂಗಳುಗಳಲ್ಲಿ 420 ಡಾಲರ್ ಭತ್ಯೆ. ಆದರೆ ಅದರ ಬದಲಿಗೆ ಒಟ್ಟು ಎಂಟು ವರ್ಷದ ಬಾಧ್ಯತೆ ಇದೆ. ದೇಹ ಒಗ್ಗದ ಮಗುವಿಗೆ ಅದು ಶಿಕ್ಷೆ ಆಗಬಾರದು.

ಹಳೇ ಕೆಡೆಟ್:
ನಿಮ್ಮ ಕಾಳಜಿ ಅರ್ಥವಾಗುತ್ತದೆ ಅಣ್ಣ. ದುಡ್ಡಿಗಾಗಿ ಅಪ್ಪ ಅಮ್ಮ ದೂಡಿದ ಮಕ್ಕಳು ಮೊದಲ ಚಳಿಗಾಲಕ್ಕೇ ಬಿಟ್ಟುಹೋಗುವುದನ್ನು ನೋಡಿದ್ದೇನೆ. ಬೆಳಗ್ಗೆ ಆರು ಗಂಟೆಗೆ ಹಿಮದಲ್ಲಿ ಕವಾಯತಿಗೆ ಎದ್ದು ಹೋಗುವುದು ಅಪ್ಪನ ಆಸೆಯಿಂದ ಆಗುವ ಕೆಲಸ ಅಲ್ಲ. ನಾಲ್ಕು ವರ್ಷದ ಸ್ಕಾಲರ್‌ಶಿಪ್‌ನಲ್ಲಿ ಮೊದಲ ವರ್ಷ ಮುಗಿದಾಗ ಬಾಧ್ಯತೆ ಇಲ್ಲದೆ ಹೊರಗೆ ಬರುವ ಅವಕಾಶ ಇರುವುದು ಇದಕ್ಕೇ.

ಆದರೆ ಆಟ ಆಡದವರಿಗೆ ದೇಹ ಒಗ್ಗುವುದಿಲ್ಲ ಅನ್ನುವುದನ್ನು ಒಪ್ಪಲಾರೆ. ನನ್ನ ಜೊತೆಗಿದ್ದವರಲ್ಲಿ ಫುಟ್‌ಬಾಲ್ ತಂಡದ ದೈತ್ಯರು ಎರಡು ಮೈಲಿ ಓಟದಲ್ಲಿ ಹಿಂದೆ ಬೀಳುತ್ತಿದ್ದರು. ಶಾಲೆಯ ಬ್ಯಾಂಡ್‌ನಲ್ಲಿ ಕೊಳಲು ಊದುತ್ತಿದ್ದ ಹುಡುಗಿಯೊಬ್ಬಳು ಮೂರನೇ ವರ್ಷಕ್ಕೆ ಎಲ್ಲರಿಗಿಂತ ಮುಂದಿದ್ದಳು. ಹದಿನೇಳರ ವಯಸ್ಸಿನ ದೇಹ ಹೇಳಿದ ಮಾತು ಕೇಳುತ್ತದೆ, ಬಿಡದೆ ಹೇಳಬೇಕು ಅಷ್ಟೇ.

ಇಬ್ಬರು ಮಕ್ಕಳ ಅಮ್ಮ:
ನಾವು ದೂಡಿಲ್ಲ ಸರ್. ನಿಜ ಹೇಳಬೇಕೆಂದರೆ ಬೇಡ ಅಂದವಳು ನಾನೇ. ಈಗಲೂ ರಾತ್ರಿ ಮಲಗಿದಾಗ ಭಯ ಆಗುತ್ತದೆ. ಆದರೆ ಬೆಳಗ್ಗೆ ಐದೂವರೆಗೆ ಅಲಾರಂ ಹೊಡೆಯುವುದು ಅವನ ರೂಮಿನಲ್ಲಿ, ನನ್ನದರಲ್ಲಲ್ಲ.

ಮಕ್ಕಳ ಡಾಕ್ಟರ್:
ಸ್ವಲ್ಪ ತಡವಾಗಿ ಬಂದೆ. ಓಟ, ಪುಷ್‌ಅಪ್ ಎಲ್ಲ ಸರಿ, ಆದರೆ ಮೆಡಿಕಲ್ ಬಗ್ಗೆ ಯಾರೂ ಹೇಳಲಿಲ್ಲ. ಸ್ಕಾಲರ್‌ಶಿಪ್‌ಗೆ ಆಯ್ಕೆಯಾದರೆ ಡಾಡ್‌ಮರ್ಬ್ ಅನ್ನುವ ರಕ್ಷಣಾ ಇಲಾಖೆಯ ಮೆಡಿಕಲ್ ಪರಿಶೀಲನೆ ಇರುತ್ತದೆ. ದೇಹ ಪರೀಕ್ಷೆ, ಕಣ್ಣಿನ ಪರೀಕ್ಷೆ, ಜೊತೆಗೆ ಹಳೆಯ ಕಾಯಿಲೆಗಳ ಉದ್ದನೆಯ ಪ್ರಶ್ನಾವಳಿ.

ಎಡವುವುದು ಹೆಚ್ಚಾಗಿ ಇನ್‌ಹೇಲರ್ ವಿಷಯದಲ್ಲಿ. 13ನೇ ಹುಟ್ಟುಹಬ್ಬದ ನಂತರ ಆಸ್ತಮಾ ಇದ್ದರೆ ಅದು ಅನರ್ಹತೆ. ಎಷ್ಟೋ ಮಕ್ಕಳಿಗೆ ಒಂದು ಕೆಮ್ಮು ಜಾಸ್ತಿಯಾದಾಗ ಅವಸರದಲ್ಲಿ ಇನ್‌ಹೇಲರ್ ಬರೆದುಕೊಟ್ಟಿರುತ್ತಾರೆ. ದಾಖಲೆಯಲ್ಲಿ ಆಸ್ತಮಾ ಅಂತ ಬಿದ್ದಿರುತ್ತದೆ, ಮನೆಯವರಿಗೆ ನೆನಪೂ ಇರುವುದಿಲ್ಲ. ಈಗಲೇ ಮಗನ ಡಾಕ್ಟರ್ ಹತ್ತಿರ ಪೂರ್ತಿ ದಾಖಲೆ ತರಿಸಿ ಓದಿ. ತಪ್ಪಾಗಿ ಬರೆದಿದ್ದರೆ ಪರೀಕ್ಷೆ ಮಾಡಿಸಿ ಸರಿಪಡಿಸಲು ಸಮಯ ಇರುತ್ತದೆ. ಇದ್ದದ್ದನ್ನು ಮುಚ್ಚಿಡಬೇಡಿ, ಮುಂದೆ ಗೊತ್ತಾದರೆ ತುಂಬಾ ಕಷ್ಟ. ಅನರ್ಹ ಅಂತ ಬಂದರೂ ಅದೇ ಕೊನೆಯಲ್ಲ. ಡಾಡ್‌ಮರ್ಬ್ ಹೇಳುವುದು ಅಳತೆಗೆ ಹೊಂದುತ್ತದೋ ಇಲ್ಲವೋ ಅಂತ ಮಾತ್ರ. ವೇವರ್ ಅಂದರೆ ವಿನಾಯಿತಿ ಕೊಡುವುದು ಆರ್ಮಿಯೇ.

ಇನ್ನೊಂದು. ತೂಕ ಇಳಿಸಬೇಕು ಅಂತ ಊಟ ಬಿಡಿಸಬೇಡಿ. ಮೈ ಅಳತೆಗೂ ಒಂದು ಮಿತಿ ಇದೆ ನಿಜ. ಆದರೆ ಬೆಳೆಯುವ ವಯಸ್ಸಿನಲ್ಲಿ ಓಟ ಜಾಸ್ತಿ ಮಾಡಿ ಊಟ ಕಮ್ಮಿ ಮಾಡಿದರೆ ಎಲುಬಿನಲ್ಲಿ ಬಿರುಕು ಬಿಡುವ ಅಪಾಯ ಇದೆ. ಸಸ್ಯಾಹಾರಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಎಷ್ಟು ಅಭ್ಯಾಸ ಮಾಡಿದರೂ ಓಟದ ಸಮಯ ಇಳಿಯುತ್ತಿಲ್ಲ ಅಂದರೆ ರಕ್ತದಲ್ಲಿ ಫೆರಿಟಿನ್ ನೋಡಿಸಿ. ಕಬ್ಬಿಣದ ಅಂಶ ಕಡಿಮೆಯಿದ್ದರೆ ಛಲ ಎಷ್ಟಿದ್ದರೂ ಕಾಲು ಏಳುವುದಿಲ್ಲ. ಊಟದ ಜೊತೆ ಕಾಫಿ ಟೀ ಬೇಡ, ನಿಂಬೆಹಣ್ಣು ಹಿಂಡಿಕೊಳ್ಳಲಿ. ಮಾತ್ರೆ ಮಾತ್ರ ಪರೀಕ್ಷೆ ಆದ ಮೇಲೇ.

ಇಬ್ಬರು ಮಕ್ಕಳ ಅಮ್ಮ:
ಮೇಡಂ, ದೊಡ್ಡ ಉಪಕಾರ ಮಾಡಿದಿರಿ. ದಾಖಲೆ ತರಿಸಿದೆವು. ಹನ್ನೊಂದನೇ ವಯಸ್ಸಿನಲ್ಲಿ ಒಂದು ಸಲ ಇನ್‌ಹೇಲರ್ ಬರೆದಿದ್ದಾರೆ, ಆಮೇಲೆ ಏನೂ ಇಲ್ಲ. 13ಕ್ಕೆ ಮುಂಚೆ ಆಗಿದ್ದರಿಂದ ಉಸಿರು ಬಿಟ್ಟೆ. ಆದರೂ ಪ್ರಶ್ನಾವಳಿಯಲ್ಲಿ ಹಾಗೆಯೇ ಬರೆಯುತ್ತೇವೆ.

ಐದನೇ ವಾರದ ಲೆಕ್ಕ: ಪುಷ್‌ಅಪ್ 15, ವಿಡಿಯೋ ನೋಡಿ ಎಣಿಸಿದ್ದು. ಸಿಟ್‌ಅಪ್ 36. ಮೈಲಿ 8:24, ಒಂಬತ್ತು ಮೀಟರ್ ಹಿಂದಿನಿಂದ. ಈ ವಾರ ಮಾತ್ರ ಏನೂ ಏರಿಲ್ಲ. ಹೋದ ವಾರ ಎಷ್ಟಿತ್ತೋ ಅಷ್ಟೇ. ಅವನಿಗೆ ಬೇಸರವಾಗಿದೆ.

ನಾಲ್ಕನೇ ಲ್ಯಾಪ್:
ಐದಾರನೇ ವಾರ ಹೀಗೆ ನಿಲ್ಲುವುದು ಸಹಜ ಮೇಡಂ. ಒಂದು ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಚೆನ್ನಾಗಿ ಮಲಗಲಿ. ಕೈಬಿಟ್ಟ ಹಾಗಲ್ಲ ಇದು, ಅಭ್ಯಾಸದ್ದೇ ಒಂದು ಭಾಗ. ಆಮೇಲೆ ನೋಡಿ. ಟೆಸ್ಟ್‌ಗೆ ಮುಂಚಿನ ನಾಲ್ಕು ದಿನವೂ ಹಗುರವಾಗಿರಲಿ. ಆವತ್ತು ಮೂರೂ ಒಂದರ ಹಿಂದೆ ಒಂದು ಬರುತ್ತದೆ. ಆದ್ದರಿಂದ ಏಳನೇ ವಾರ ಒಂದು ಸಲ ಮೂರನ್ನೂ ಸೇರಿಸಿ ಮಾಡಿಸಿ. ಪುಷ್‌ಅಪ್ ಆದ ಮೇಲೆ ಓಡುವುದು ಬೇರೆ ಥರ ಇರುತ್ತದೆ, ಕೈ ಬೀಸಲು ಬರುವುದಿಲ್ಲ. ಅದು ಮೊದಲೇ ಗೊತ್ತಿದ್ದರೆ ಹೆದರುವುದಿಲ್ಲ.

ಇಬ್ಬರು ಮಕ್ಕಳ ಅಮ್ಮ:
ಟೆಸ್ಟ್ ಇವತ್ತು ಬೆಳಗ್ಗೆ ಆಯಿತು. ಹತ್ತಿರದ ಕಾಲೇಜಿನ ಆರ್‌ಒಟಿಸಿಯವರೇ ಮಾಡಿಸಿದರು. ಸಾಗರದಾಚೆಯವರ ಮಾತು ಕೇಳಿ ನಾವೇ ಅಲ್ಲಿಗೆ ಹೋಗಿ ಕೇಳಿಕೊಂಡೆವು. ಒಂದೊಂದನ್ನೂ ನೋಡಿ ಎಣಿಸಿದರು. ಪುಷ್‌ಅಪ್ 26. ಎರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದು ಸೇರಿದ್ದರೆ 28. ಸಿಟ್‌ಅಪ್ 45. ಮೈಲಿ 7:39. ಸುತ್ತುಗಳು 1:53, 1:57, 1:57, 1:50, ಉಳಿದ ಎರಡು ಸೆಕೆಂಡ್ ಆ ಒಂಬತ್ತು ಮೀಟರ್‌ಗೆ. ಕೊನೆಯ ಸುತ್ತು ಎಲ್ಲಕ್ಕಿಂತ ಬೇಗ ಸರ್, ನಿಮಗೆ ಹೇಳಲೇಬೇಕು ಅಂತ ಕಾದಿದ್ದೆ.

ಮುಗಿದ ಮೇಲೆ ಅಲ್ಲಿನ ಸಾರ್ಜೆಂಟ್ ಮಗನ ಹತ್ತಿರ ಐದು ನಿಮಿಷ ಮಾತಾಡಿದರು. ಕಾಲೇಜಿಗೆ ಬಂದ ಮೇಲೆ ಬೇರೆ ಟೆಸ್ಟ್ ಅಂತ ಹೇಳಿದರಂತೆ. ಅದರ ಬಗ್ಗೆ ಸ್ವಲ್ಪ ಹೇಳುತ್ತೀರಾ ತಮ್ಮಾ?

ಹಳೇ ಕೆಡೆಟ್:
ಅಕ್ಕ, ನಾಲ್ಕರಿಂದ 26! ನನ್ನ ಕಡೆಯಿಂದ ಅವನ ಬೆನ್ನು ತಟ್ಟಿ.

ಅಲ್ಲಿ ಈಗ ಎಎಫ್‌ಟಿ, 2025ರ ಜೂನ್‌ನಿಂದ ಬಂದಿರುವ ಆರ್ಮಿ ಟೆಸ್ಟ್. ಐದು ಭಾಗ. ಹೆಕ್ಸ್ ಬಾರ್‌ನಲ್ಲಿ (ಆರು ಮೂಲೆಯ ಚೌಕಟ್ಟಿನ ಬಾರ್) ಮೂರು ಸಲ ಡೆಡ್‌ಲಿಫ್ಟ್, ಅಂದರೆ ನೆಲದಿಂದ ತೂಕ ಎತ್ತಿ ನಿಲ್ಲುವುದು. ಪ್ರತಿ ಸಲ ನೆಲಕ್ಕೆ ಮಲಗಿ ಕೈ ಎತ್ತಿ ಮಾಡುವ ಪುಷ್‌ಅಪ್, ಎರಡು ನಿಮಿಷ. ಓಡಿ, 90 ಪೌಂಡ್ ಸ್ಲೆಡ್ (ನೆಲದ ಮೇಲೆ ಎಳೆಯುವ ತೂಕದ ಬಂಡಿ) ಎಳೆದು, ಎರಡೂ ಕೈಯಲ್ಲಿ ತಲಾ 40 ಪೌಂಡ್‌ನ ಕೆಟಲ್‌ಬೆಲ್ (ಹಿಡಿಕೆ ಇರುವ ತೂಕದ ಗುಂಡು) ಹೊತ್ತು ಓಡುವ ಒಂದು ಭಾಗ. ಪ್ಲ್ಯಾಂಕ್. ಕೊನೆಗೆ ಎರಡು ಮೈಲಿ ಓಟ. ಒಂದೊಂದರಲ್ಲೂ ಕನಿಷ್ಠ 60 ಅಂಕ ಬೇಕು.

ಒಂದು ವಾರ ಸುಮ್ನೆ ಇರಲಿ. ಆಮೇಲೆ ಓಟವನ್ನು ನಿಧಾನವಾಗಿ ಎರಡು ಮೈಲಿಗೆ ಉದ್ದ ಮಾಡಿ. ಡೆಡ್‌ಲಿಫ್ಟ್ ಮಾತ್ರ ಕಲಿತವರ ಮುಂದೆಯೇ ಶುರು ಮಾಡಲಿ, ಖಾಲಿ ಬಾರ್‌ನಿಂದ. ಬೆನ್ನು ಬಾಗದೆ ಎತ್ತುವುದು ಬಂದ ಮೇಲೇ ತೂಕ ಹಾಕಬೇಕು.

ಇಬ್ಬರು ಮಕ್ಕಳ ಅಮ್ಮ:
ಸರಿ. ಶಾಲೆಯ ಜಿಮ್‌ನಲ್ಲಿ ಹೆಕ್ಸ್ ಬಾರ್ ಇದೆಯಂತೆ, ಸೋಮವಾರ ಕೋಚ್‌ನ ಕೇಳುತ್ತಾನೆ. ಇನ್ನೊಂದು ವಿಷಯ, ಚಿಕ್ಕವಳು ಇವತ್ತು ಸಂಜೆ ಅಣ್ಣನ ಜೊತೆ ಗ್ಯಾರೇಜಿನಲ್ಲಿ ಕಂಬಿಗೆ ಜೋತಾಡುತ್ತಿದ್ದಳು. 'ಮಗಳ ಅಪ್ಪ' ಸರ್, ಆ ಸ್ಟೂಲ್ ಹತ್ತಿ ಇಳಿಯುವುದು ಹನ್ನೆರಡು ವರ್ಷದವಳಿಗೆ ಪರವಾಗಿಲ್ಲ ಅಲ್ವಾ?